ಗುಲಾಮರಿಗೆ ಕೊಟ್ಟ ಬೈಬಲ್

ಅಕ್ಕಾ,

ಈ ಪರದೇಶದ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಹಳೆಯ ಬೈಬಲ್ ಇದೆ. ಗುಲಾಮರಿಗೆಂದೇ ಅಚ್ಚು ಹಾಕಿಸಿದ್ದು. ಗುಲಾಮರು ಬಿಡುಗಡೆಯಾಗಿ ಹೊರಡುವ ಕತೆಯನ್ನೇ ಅದರಿಂದ ಕಿತ್ತಿದ್ದಾರೆ. ‘ಧಣಿಗೆ ವಿಧೇಯನಾಗಿರು’ ಎಂಬುದನ್ನು ಮಾತ್ರ ಜೋಪಾನವಾಗಿ ಉಳಿಸಿದ್ದಾರೆ. ಈ ಕಾಲೇಜು ಕಟ್ಟಿದವರೂ ಅದನ್ನು ಹಂಚಿದ್ದರೆಂದು ನನ್ನ ಪ್ರಬಂಧದಲ್ಲಿ ಒಂದು ಅಧ್ಯಾಯ ಬರೆದೆ. ನಿನ್ನೆ ಗೈಡ್ ಬಾಗಿಲು ಹಾಕಿಕೊಂಡು ನಕ್ಕರು: “ಉಂಡ ಮನೆ ಜಂತೆ ಎಣಿಸ್ತೀಯೇನಪ್ಪಾ? ಆ ಅಧ್ಯಾಯ ತೆಗೆದುಬಿಡು. ಇಲ್ಲಾಂದ್ರೆ ಊರಿಗೆ ಟಿಕೆಟ್ ನಾವೇ ತೆಗೆಸ್ತೀವಿ.”

ಊರಿನಲ್ಲಿ ಪ್ರತಿಭಟನೆಯ ಮೆರವಣಿಗೆಗೆ ಹೋಗಿ ಪೊಲೀಸರ ಲಾಠಿ ಕಂಡಾಗಲೂ ನಾನು ಇಷ್ಟು ಹೆದರಿರಲಿಲ್ಲ.

ನಾಳೆ ಸಭೆಯಲ್ಲಿ ಪ್ರಬಂಧ ಓದಬೇಕು. ಈ ಸಲ ಕತ್ತರಿಯನ್ನು ನನ್ನ ಕೈಗೇ ಕೊಟ್ಟಿದ್ದಾರೆ, ಅಕ್ಕಾ. ಅಲ್ಲಿ ನನ್ನ ನಾಲಿಗೆ ಬಿದ್ದುಹೋದರೆ ಎಂಬ ದಿಗಿಲಿಗೆ ಕವರು ಬಿಟ್ಟು ಕಾರ್ಡಿನಲ್ಲೇ ಬರೆದೆ. ನಮ್ಮೂರ ಅಂಚೆಯವರಾದರೂ ಓದಲಿ.

ನಿನ್ನ ತಮ್ಮ