ಕೂತು ತಿನ್ನುವ ಊಟ

ಮಾಲೂರು
ಶನಿವಾರ, 14 ಜೂನ್ 2025

ನನ್ನ ಶಿವೂ,

ಕಾಗದದಲ್ಲಿ ಮೊದಲು ಕ್ಷೇಮ ಸಮಾಚಾರ ಬರೆಯಬೇಕು ಅನ್ನುತ್ತಾರೆ. ಇಲ್ಲಿ ಎಲ್ಲರೂ ಕ್ಷೇಮ. ನನ್ನ ವಿಷಯ ಕೆಳಗೆ ಬರುತ್ತದೆ, ಅವಸರ ಮಾಡಬೇಡ. ದಿನಾ ಫೋನಿನಲ್ಲಿ ಮಾತಾಡುವ ಅಮ್ಮ ಈಗ್ಯಾಕೆ ಪೆನ್ನು ಹಿಡಿದಳು ಅಂತ ನಿನಗೆ ಅನ್ನಿಸಬಹುದು. ಫೋನಿನಲ್ಲಾದರೆ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ಮೂರು ಆಡುತ್ತೀಯ, ಮೂರನೆಯದಕ್ಕೆ ನಿನಗೆ ಅಳು ಬರುತ್ತದೆ, ನಾನು ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಕಾಗದ ಒಳ್ಳೆಯ ಗಿರಾಕಿಯ ಹಾಗೆ, ಬಡಿಸಿದ್ದನ್ನು ಸುಮ್ಮನೆ ಬಡಿಸಿಕೊಳ್ಳುತ್ತದೆ.

ನಿಮ್ಮ ಶಾಲೆಯ ರಜನಿ ಮೇಡಂ ತಮ್ಮ ಚಿಕ್ಕಮ್ಮನ ಮಗಳ ಮದುವೆಗೆ ಊರಿಗೆ ಬಂದಿದ್ದರಲ್ಲ, ನಾಳೆ ಯಾದಗಿರಿಗೆ ವಾಪಸ್ಸು ಹೊರಟಿದ್ದಾರೆ. ಅವರ ಚೀಲದಲ್ಲಿ ನಿನಗೆ ಹುರುಳಿಕಾಳು, ಚಟ್ನಿಪುಡಿ, ಬೈರಕೂರಿನಿಂದ ನಿನ್ನ ದೊಡ್ಡಮ್ಮ ಕಳಿಸಿದ ಮಾವಿನಹಣ್ಣು ಇದೆ. ಎಲ್ಲದರ ಮೇಲೆ ಈ ಕಾಗದ. ಸೋಮವಾರ ನೀನು ರಾಜೀನಾಮೆ ಕೊಡಲು ಆಫೀಸಿಗೆ ಹೊರಡುವ ಮೊದಲು ಇದು ನಿನ್ನ ಕೈ ಸೇರಬೇಕು ಅಂತ ರಜನಿ ಮೇಡಂ ಹತ್ತಿರ ಭಾಷೆ ತೆಗೆದುಕೊಂಡಿದ್ದೇನೆ.

ಶಿವೂ, ರಾಜೀನಾಮೆ ಕೊಡಬೇಡ. ಯಾಕೆ ಅಂತ ಹೇಳುತ್ತೇನೆ.

ಬುಧವಾರ ಕೋಲಾರದ ಡಾಕ್ಟರ ಹತ್ತಿರ ನಡೆದದ್ದು ನಿನಗೆ ಅರ್ಧ ಮಾತ್ರ ಗೊತ್ತು. ಮೂರು ತಿಂಗಳ ಸಕ್ಕರೆಯನ್ನು ಒಟ್ಟಿಗೆ ತೋರಿಸುವ ಆ ರಿಪೋರ್ಟು ನೋಡಿ ಅವರು ಹುಬ್ಬೇರಿಸಿದರು. ಹೋದ ಸಲಕ್ಕಿಂತ ಏರಿತ್ತು. "ಏನಮ್ಮಾ ತಿಂತಾ ಇದ್ದೀರಿ?" ಅಂದರು. ನಾನು ಫೋನು ತೆರೆದು, ದಿನಾ ನಿನಗೆ ಕಳಿಸುವ ತಟ್ಟೆಯ ಫೋಟೋಗಳನ್ನು ಒಂದೊಂದಾಗಿ ತೋರಿಸಿದೆ. ಸಣ್ಣ ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ, ಸೌತೆಕಾಯಿ, ಒಂದು ಲೋಟ ನೀರುಮಜ್ಜಿಗೆ. ಅವರು ಫೋಟೋ ನೋಡುತ್ತಾರೆ, ರಿಪೋರ್ಟು ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ. "ಇಷ್ಟು ಪಥ್ಯ ಮಾಡಿಯೂ ಇಳೀತಿಲ್ಲ ಅಂದ್ರೆ ಇನ್ಸುಲಿನ್ ಶುರು ಮಾಡ್ಲೇಬೇಕು, ಪಕ್ಕದಲ್ಲಿ ನೋಡ್ಕೊಳ್ಳೋರು ಯಾರಾದ್ರೂ ಇರ್ಬೇಕು" ಅಂತ ನಿನಗೇ ಫೋನು ಮಾಡಿ ಹೇಳಿದರು. ನಾನು ಎದುರಿನ ಕುರ್ಚಿಯಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದೆ. ಆಗಲೇ ಹೇಳಬೇಕಿತ್ತು.

ಆ ಫೋಟೋಗಳಲ್ಲಿ ಮೋಸವಿಲ್ಲ ಕಣೇ. ಮುದ್ದೆ ನಿಜ, ತಟ್ಟೆ ನಿಜ, ಅಳತೆ ನಿಜ. ಉಂಡವಳು ಮಾತ್ರ ನಾನಲ್ಲ.

ಕೂಗಾಡುವುದಿದ್ದರೆ ಪೂರ್ತಿ ಓದಿ ಕೂಗಾಡು.

ನೀನು ಬರೆದುಕೊಟ್ಟ ಪಥ್ಯದ ಚಾರ್ಟು ಒಲೆಯ ಪಕ್ಕದ ಗೋಡೆಯ ಮೇಲೇ ಇದೆ. ಎಣ್ಣೆ ಹೊಗೆಗೆ ಹಳದಿಯಾಗಿದೆ, ಅಕ್ಷರ ಅಳಿಸಿಲ್ಲ. ಮೊದಮೊದಲು ಅದರ ಪ್ರಕಾರವೇ ತಿಂದೆ. ಆಮೇಲೆ ಫ್ಯಾಕ್ಟರಿಯವರು ಎರಡನೇ ಶಿಫ್ಟಿನ ಊಟವನ್ನೂ ನಮ್ಮ ಮೆಸ್ಸಿಗೇ ಕೊಟ್ಟರು. ಬಸ್ ಸ್ಟ್ಯಾಂಡಿನಲ್ಲಿ ತಳ್ಳುಗಾಡಿ ಇಟ್ಟು ಇಡ್ಲಿ ಮಾರಿ ಈ ಶೀಟಿನ ಸೂರು ಎಬ್ಬಿಸಿದವಳು ನಾನು, ಬಂದ ಗಿರಾಕಿಗೆ ಬೇಡ ಅನ್ನುವುದು ನನ್ನ ನಾಲಿಗೆಗೆ ಬರುವುದಿಲ್ಲ. ಕೋಳಿಗಿಂತ ಮುಂಚೆ ಎದ್ದು ತರಕಾರಿ ತರುವುದು, ತಿಂಡಿ ಮುಗಿಯುವಷ್ಟರಲ್ಲಿ ಊಟಕ್ಕೆ ಇಡುವುದು. ಒಂದು ದಿನ ಗ್ಯಾಸು ಮುಗಿಯುತ್ತದೆ, ಇನ್ನೊಂದು ದಿನ ನೀರಿನ ಟ್ಯಾಂಕರು ಬರುವುದಿಲ್ಲ, ಟ್ಯಾಂಕರು ಬಂದ ದಿನ ಸಪ್ಲೈ ಮಾಡುವ ಕದಿರೇಶ ಬರುವುದಿಲ್ಲ. ಎಲ್ಲರೂ ಉಂಡು ಕೈ ತೊಳೆದ ಮೇಲೆ, ಮೂರು ಗಂಟೆಯ ಹೊತ್ತಿಗೆ ನನ್ನ ಸರದಿ. ಅಷ್ಟು ಹೊತ್ತಿಗೆ ಹಸಿವು ಸತ್ತಿರುತ್ತದೆ, ಸುಸ್ತು ಮಾತ್ರ ಇರುತ್ತದೆ. ಸುಸ್ತು ಸೊಪ್ಪು ಕೇಳುವುದಿಲ್ಲ ಶಿವೂ, ಸಿಹಿ ಕೇಳುತ್ತದೆ. ಪಕ್ಕದ ಓಬೇದುಲ್ಲಾ ಸಾಬರ ಬೇಕರಿಯ ಬೆಣ್ಣೆ ಬನ್ನು, ಸಕ್ಕರೆ ಮುಂದಾದ ಟೀ. ಅದು ಸಾಲದೆ ಪಾತ್ರೆಗಳ ತಳ. ಪಾಯಸದ ತಳ, ಚಿತ್ರಾನ್ನದ ತಳ, ಮೇಲೆ ಯಾರೂ ಕೇಳದ ಎರಡು ಬೋಂಡ. ಬಿಸಾಡಿದರೆ ನಷ್ಟ, ತಿಂದರೆ ಉಳಿತಾಯ ಅಂತ ನನ್ನ ಮನಸ್ಸು ತಾನೇ ಲೆಕ್ಕ ಹಾಕಿಬಿಡುತ್ತದೆ. ಆ ಉಳಿತಾಯವೆಲ್ಲ ರಕ್ತದಲ್ಲಿ ಜಮಾ ಆಗಿದೆ ನೋಡು.

ಆದರೆ ನಿನಗೆ ಫೋಟೋ ಹೋಗಬೇಕಲ್ಲ. ಹೋಗದಿದ್ದರೆ ಶಾಲೆ ಬಿಡುವಿನಲ್ಲಿ ನಿನ್ನ ಫೋನು ಬರುತ್ತದೆ. ಹಾಗಾಗಿ ದಿನಾ ಮೂರು ಗಂಟೆಗೆ ತಟ್ಟೆ ಬಡಿಸುತ್ತಿದ್ದೆ. ಕದಿರೇಶ ಸೌತೆಕಾಯಿ ಬಿಲ್ಲೆಗಳನ್ನು ಸುತ್ತ ಜೋಡಿಸುತ್ತಿದ್ದ, ಮದುವೆ ಮಂಟಪಕ್ಕೆ ಹೂವು ಕಟ್ಟಿದ ಹಾಗೆ. ನಮ್ಮ ಮುದ್ದೆ ತಿರುವುವ ದೊಡ್ಡಗಂಗಮ್ಮನ ಬಾಯಿ ನಿನಗೆ ಗೊತ್ತಲ್ಲ. "ಏನಮ್ಮೋ, ದೇವ್ರಿಗೆ ನೈವೇದ್ಯ ತೋರಿಸ್ದಂಗೆ ಫೋನಿಗೆ ತೋರಿಸ್ತೀಯ! ದೇವ್ರಾದ್ರೆ ಆಮೇಲೆ ಪ್ರಸಾದ ನಿನಗೇ ಬಿಡ್ತಾನೆ. ಇದು ಅದೂ ಬಿಡಾಕಿಲ್ವಲ್ಲ!" ಅನ್ನುತ್ತಿದ್ದಳು. ಮಾರ್ಚಿನಲ್ಲಿ ಒಂದು ಫೋಟೋದ ಅಂಚಿನಲ್ಲಿ ಯಾರದೋ ಕೈ ಬಂದು, ಅದು ಯಾರದು ಅಂತ ನೀನು ಕೇಳಿದ್ದು ನೆನಪಿರಬಹುದು. ಕದಿರೇಶನದು ಅಂದಿದ್ದೆ. ನೀನೂ ಸುಮ್ಮನಾದೆ.

ಫೋಟೋ ತೆಗೆದ ಮೇಲೆ ಆ ತಟ್ಟೆ ಮೂಲೆ ಟೇಬಲ್ಲಿಗೆ ಹೋಗುತ್ತಿತ್ತು. ಅಲ್ಲಿ ಒಬ್ಬ ಗಿರಾಕಿ ಇದ್ದಾನೆ. ಗದ್ದಲವೆಲ್ಲ ಮುಗಿದ ಮೇಲೆ ಬಂದು ಟೋಕನ್ ತೆಗೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂರುತ್ತಾನೆ. ಆತನಿಗೂ ಸಕ್ಕರೆ ಕಾಯಿಲೆ. ಬಡಿಸಿಟ್ಟ ಅನ್ನ ಚೆಲ್ಲಬಾರದು ಅಂತ ಮೊದಲ ದಿನ ಕದಿರೇಶನ ಕೈಯಲ್ಲಿ ತಟ್ಟೆ ಕಳಿಸಿದೆ, ಅದೇ ರೂಢಿಯಾಯಿತು. ಹೋದ ತಿಂಗಳು ಸರ್ಕಾರಿ ಆಸ್ಪತ್ರೆಯಲ್ಲಿ ಆತನ ಮಾತ್ರೆ ಕಮ್ಮಿ ಮಾಡಿದರಂತೆ. ಸಕ್ಕರೆ ಇಳಿದಿದೆಯಂತೆ. ಕದಿರೇಶ ಬಂದು ಹೇಳಿದಾಗ ಕೈಯಲ್ಲಿದ್ದ ಬನ್ನನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಹಾಗಾಗಿ ತಿಂದೆ.

ನಿನ್ನ ಚಾರ್ಟು ಸರಿಯಾಗಿಯೇ ಇದೆ ಮಗಳೇ. ಅದು ಕೆಲಸ ಮಾಡಿದೆ, ಬೇರೆಯವರ ಮೈಯಲ್ಲಿ. "ನಾನು ಪಕ್ಕದಲ್ಲಿದ್ದು ನೋಡ್ಕೊಂಡಿದ್ರೆ ಹಿಂಗಾಗ್ತಿರ್ಲಿಲ್ಲ, ನೌಕರಿ ಬಿಟ್ಟು ಬಂದ್ಬಿಡ್ತೀನಮ್ಮ" ಅಂತ ಬುಧವಾರ ಸಂಜೆ ನೀನು ಅತ್ತೆಯಲ್ಲ, ಪಥ್ಯ ಸೋತಿತು ಅಂತ ತಾನೆ ಅತ್ತಿದ್ದು? ಪಥ್ಯ ಸೋತಿಲ್ಲ. ಆಟಕ್ಕೇ ಇಳಿದಿಲ್ಲ. ನನ್ನ ಬನ್ನಿನ ತಪ್ಪಿಗೆ ನಿನ್ನ ಸರ್ಕಾರಿ ನೌಕರಿ ದಂಡ ಕಟ್ಟುವುದು ಬೇಡ.

ಮತ್ತೆ ಯಾಕೆ ತಿನ್ನಲಿಲ್ಲ ಅಂತ ಕೇಳುತ್ತೀಯ. ಕೈಯಲ್ಲೇ ಇತ್ತು, ಬಡಿಸಿಯೂ ಆಗಿತ್ತು, ಬಿಸಿಯಾಗಿಯೂ ಇತ್ತು. ನಾನೂ ಇದನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬನ್ನನ್ನು ನಿಂತು ತಿನ್ನಬಹುದು. ಒಂದು ಕೈಯಲ್ಲಿ ಬನ್ನು, ಇನ್ನೊಂದು ಕೈಯಲ್ಲಿ ಟೋಕನ್ ಡಬ್ಬಿ, ಕಣ್ಣು ಒಲೆಯಲ್ಲಿಟ್ಟ ಹಾಲಿನ ಮೇಲೆ. ಹಾಗೆ ತಿನ್ನುವವಳಿಗೆ ತಾನು ಒಬ್ಬಳೇ ಅಂತ ಗೊತ್ತಾಗುವುದಿಲ್ಲ. ಮುದ್ದೆ ಹಾಗಲ್ಲ. ಅದಕ್ಕೆ ಕೂರಬೇಕು, ಮುರಿಯಬೇಕು, ಸಾರಿನಲ್ಲಿ ಹೊರಳಿಸಬೇಕು, ನಿಧಾನವಾಗಿ ನುಂಗಬೇಕು. ಕೂತು ತಲೆ ಎತ್ತಿದರೆ ಎದುರಿಗೆ ಖಾಲಿ ಬೆಂಚು.

ನಿಮ್ಮಪ್ಪ ಟೊಮೇಟೊ ಲೋಡು ಹೊತ್ತುಕೊಂಡು ಹೋದವನು ಮದನಪಲ್ಲಿಯಲ್ಲೇ ಲಾರಿ ನಿಲ್ಲಿಸಿ ಇನ್ನೊಂದು ಸಂಸಾರ ಹೂಡಿದಾಗ ನೀನು ಏಳನೇ ಕ್ಲಾಸು. ಆವತ್ತಿನಿಂದ ಎದುರು ಬೆಂಚು ನಿನ್ನದು. ಹೋಂವರ್ಕ್ ಬರೆಯುತ್ತಾ ಮುದ್ದೆ ನುಂಗುತ್ತಿದ್ದೆ, ನಿನ್ನ ಕಾಪಿ ಪುಸ್ತಕದಲ್ಲಿ ಸಾರಿನ ಕಲೆ ಇಲ್ಲದ ಹಾಳೆ ಇರಲಿಲ್ಲ. ಈಗ ದಿನಾ ಮುನ್ನೂರು ಜನಕ್ಕೆ ಬಡಿಸುತ್ತೇನೆ, "ಅಕ್ಕಾ ಸಾರು", "ಅಕ್ಕಾ ಉಪ್ಪಿನಕಾಯಿ" ಅಂತ ಮುನ್ನೂರು ಸಲ ಕರೆಯುತ್ತಾರೆ. ಒಬ್ಬರಾದರೂ "ಅಕ್ಕಾ, ನಿಮ್ದು ಊಟ ಆಯ್ತಾ?" ಅಂತ ಕೇಳಿಲ್ಲ. ಅವರ ತಪ್ಪಲ್ಲ. ಊಟದ ಮೆಸ್ಸಿನವಳು ಉಂಡಿರುವುದಿಲ್ಲ ಅಂತ ಯಾರಿಗೆ ಹೊಳೆಯುತ್ತದೆ?

ಅಮ್ಮನ ಪಕ್ಕದಲ್ಲಿ ಯಾರೂ ಇಲ್ಲ ಅಂತ ನೀನು ಬುಧವಾರ ಕಾಯಿಲೆಯ ಹೆಸರನ್ನು ಸರಿಯಾಗಿಯೇ ಹಿಡಿದೆ. ಬರೆದ ಮದ್ದು ಮಾತ್ರ ತಪ್ಪು. ನೀನು ಬಂದು ಎದುರು ಕೂರುತ್ತೀಯ, ನಾನು ನಾಲ್ಕು ತಿಂಗಳು ಚೆನ್ನಾಗಿ ಉಣ್ಣುತ್ತೇನೆ. ಆಮೇಲೆ ಒಂದು ಮಧ್ಯಾಹ್ನ ರಶ್ ಜಾಸ್ತಿಯಾಗುತ್ತದೆ, ನೀನು ಎದ್ದು ಸೌಟು ಹಿಡಿಯುತ್ತೀಯ. ಅಲ್ಲಿಗೆ ಒಬ್ಬಳ ಬದಲು ಇಬ್ಬರು ನಿಂತು ಬನ್ನು ತಿನ್ನುತ್ತೇವೆ.

ಇನ್ನು ಗುರುವಾರದ್ದು. ಬುಧವಾರದ ನಿನ್ನ ಫೋನನ್ನು ನಾನು ಸ್ಪೀಕರಿನಲ್ಲಿ ಇಟ್ಟಿದ್ದೆ, ಕೈಯೆಲ್ಲಾ ಹಿಟ್ಟಾಗಿತ್ತು. ನಿನ್ನ ಅಳುವನ್ನು ಮೆಸ್ಸಿನಲ್ಲಿದ್ದವರೆಲ್ಲ ಕೇಳಿದರು, ಮೂಲೆ ಟೇಬಲ್ಲಿನವನೂ ಕೇಳಿದ. ಆವತ್ತು ಆತ ಸಂಜೆಗೂ ಬಂದಿದ್ದ. ಮಾರನೇ ದಿನ ಮೂರು ಗಂಟೆಗೆ ಎಂದಿನ ಹಾಗೆ ಫೋಟೋ ತೆಗೆದು ತಟ್ಟೆ ಕಳಿಸಿದೆ. ಅದು ವಾಪಸ್ಸು ಬಂತು. ಕದಿರೇಶ ತಲೆ ಕೆರೆದುಕೊಳ್ಳುತ್ತಾ, "ತಗೊಳ್ತಿಲ್ಲ ಅಕ್ಕ. ಯಾರಿಗೆ ಬರ್ಕೊಟ್ಟಿರೋ ಊಟಾನೋ ಅವ್ರೇ ತಿನ್ಲಿ, ನನಗೆ ಬೇರೆ ತಟ್ಟೆ ಹಾಕಿಸು ಅಂತಾರೆ" ಅಂದ.

ನನಗೆ ಮೈ ಉರಿಯಿತು. ಗಿರಾಕಿಗೆ ಇಷ್ಟು ಬಾಯಿ ಯಾಕೆ ಅಂತ ತಟ್ಟೆ ಎತ್ತಿಕೊಂಡು ನಾನೇ ಹೋದೆ. ಹೋಗಿ ಬೈಯಬೇಕು ಅಂತಲೇ ಹೋದದ್ದು. ಆತ ತಲೆ ಎತ್ತಲಿಲ್ಲ, ಎದುರಿನ ಬೆಂಚಿನ ಮೇಲಿದ್ದ ತನ್ನ ಚೀಲವನ್ನು ತೆಗೆದು ಕೆಳಗಿಟ್ಟ. ಅಷ್ಟೇ. ನನ್ನ ಕಾಲು ಬೆಳಗಿನಿಂದ ನಿಂತಿತ್ತು ಶಿವೂ. ಕೂತೆ.

"ಅಯ್ಯೋ ದೇವುಡಾ, ಯಜಮಾನಿ ಕುಂತವ್ಳೆ! ಕದಿರೇಶಾ, ಒಣಗಾಕಿರೋ ಮೆಣಸಿನ್ಕಾಯಿ ಎತ್ತಿಡೋ, ಮಳೆ ಬತ್ತದೆ!" ಅಂತ ದೊಡ್ಡಗಂಗಮ್ಮ ಒಳಗಿನಿಂದ ಕೂಗಿದಳು. ಆತನಿಗೆ ಇನ್ನೊಂದು ತಟ್ಟೆ ಬಂತು. ಇಬ್ಬರೂ ಉಂಡೆವು. ದಂಟಿನ ಸೊಪ್ಪಿನ ಬಸ್ಸಾರು, ನಾನೇ ಮಾಡಿದ್ದು, ರುಚಿ ಹೀಗಿರುತ್ತದೆ ಅಂತ ನನಗೇ ಮರೆತುಹೋಗಿತ್ತು. ನಡುವೆ ಕಣ್ಣಲ್ಲಿ ನೀರು ಬಂತು. ದೊಡ್ಡಗಂಗಮ್ಮ ಮೆಣಸಿನಕಾಯಿ ಜಾಸ್ತಿ ಅರೆದಿದ್ದಳು ಅಂತ ಬರೆದುಕೋ. ಉಂಡ ಮೇಲೆ ಆತ ಎದ್ದು ತನ್ನ ತಟ್ಟೆ ತಾನೇ ತೊಳೆದಿಟ್ಟು ಹೋದ. ಸಂಜೆಯವರೆಗೂ ನನಗೆ ಬನ್ನು ನೆನಪಾಗಲಿಲ್ಲ. ನಿನ್ನೆಯೂ ಹಾಗೇ. ಇವತ್ತೂ.

ಮುಂದಿನ ವಾರ ಡಾಕ್ಟರ ಹತ್ತಿರ ಹೋಗಿ ನಿಜ ಹೇಳುತ್ತೇನೆ. ಆಮೇಲೂ ಇನ್ಸುಲಿನ್ ಬೇಕು ಅಂದರೆ ಚುಚ್ಚಿಸಿಕೊಳ್ಳುತ್ತೇನೆ, ಹಟ ಮಾಡುವುದಿಲ್ಲ. ನೀನು ಮಾತ್ರ ಆ ರಾಜೀನಾಮೆ ಹರಿದು ಹಾಕಿ, ಸೋಮವಾರ ಮಕ್ಕಳಿಗೆ ಮಗ್ಗಿ ಹೇಳಿಕೊಡು. ಇನ್ನು ಮೇಲೆ ಬಡಿಸಿದ ತಟ್ಟೆಯ ಫೋಟೋ ಕಳಿಸುವುದಿಲ್ಲ. ಉಂಡು ಮುಗಿಸಿದ ಖಾಲಿ ತಟ್ಟೆಯದು ಕಳಿಸುತ್ತೇನೆ. ಅದರಲ್ಲಿ ಮೋಸ ಮಾಡುವುದು ಕಷ್ಟ. ನಾನು ಯೋಚನೆ ಮಾಡಿ ನೋಡಿದ್ದೇನೆ.

ಮಾವಿನಹಣ್ಣನ್ನು ನೀನು ತಿನ್ನು. ನನ್ನ ಪಾಲಿನದೂ ಅದರಲ್ಲೇ ಇದೆ.

ಮೂರು ಗಂಟೆಗೆ ಕೂತು ಉಣ್ಣಲು ಕಲಿಯುತ್ತಿರುವ,
ನಿನ್ನ ಅಮ್ಮ
ಮುನಿಲಕ್ಷ್ಮಿ

ಮರೆತ ಮಾತು: ಮರೆತಿದ್ದಲ್ಲ, ಸಹಿ ಹಾಕಿದ ಮೇಲೆ ಧೈರ್ಯ ಬಂತು. ಮಾರ್ಚಿನ ಆ ಫೋಟೋ ಮರೆತು, ತಟ್ಟೆ ಮೂಲೆ ಟೇಬಲ್ಲಿಗೆ ಹೋದ ಮೇಲೆ ತೆಗೆದದ್ದು, ಅದರಲ್ಲಿದ್ದದ್ದು ಕದಿರೇಶನ ಕೈಯಲ್ಲ. ಕದಿರೇಶನಿಗೆ ಹತ್ತು ಬೆರಳೂ ಪೂರ್ತಿ ಇವೆ. ಲಾರಿಯ ಹಿಂಬಾಗಿಲಿಗೆ ಸಿಕ್ಕಿ ಎರಡು ಬೆರಳಿನ ತುದಿ ಹೋದ ಕೈ ಯಾರದು ಅಂತ ನಿನಗೆ ಗೊತ್ತು. ಆವತ್ತು ನೀನು ಮತ್ತೆ ಕೇಳದೆ ಸುಮ್ಮನಾದದ್ದಕ್ಕೂ ಅದೇ ಕಾರಣ ಇರಬೇಕು. ಹೌದು, ಮೂಲೆ ಟೇಬಲ್ಲಿನವನು ನಿಮ್ಮಪ್ಪ. ದೀಪಾವಳಿ ಆದಮೇಲೆ ಒಂದು ದಿನ ಬಂದು ಎಲ್ಲರ ಹಾಗೆ ಟೋಕನ್ ಕೇಳಿದ, ಎಲ್ಲರ ಹಾಗೆ ಕೊಟ್ಟೆ. ಅವನನ್ನು ನಾನು ಕ್ಷಮಿಸಿಲ್ಲ. ಮನೆಗೆ ಕರೆದಿಲ್ಲ, ಕರೆಯುವುದೂ ಇಲ್ಲ. ನಿನ್ನ ಹೆಸರು ನನ್ನೆದುರು ಎತ್ತಲು ಅವನಿಗೂ ಬಾಯಿಲ್ಲ. ಈ ಇಡೀ ಮಾಲೂರಿನಲ್ಲಿ ಮೂರು ಗಂಟೆಗೆ ನನ್ನ ಎದುರು ಕೂರುವಷ್ಟು ಪುರಸೊತ್ತು ಇದ್ದದ್ದು ಅವನೊಬ್ಬನಿಗೆ, ಅಷ್ಟೇ. ಅವನು ಬರುವುದು ನಿನಗೆ ಬೇಡವಾದರೆ ಒಂದು ಮಾತು ಬರೆ, ಮೂಲೆ ಟೇಬಲ್ಲನ್ನು ಎತ್ತಿಸಿಬಿಡುತ್ತೇನೆ. ಆಮೇಲೆ ನಾನು ಎಲ್ಲಿ ಕೂರಲಿ ಅನ್ನುವುದನ್ನೂ ಅದರಲ್ಲೇ ಬರೆ.