ಸಾವಂತನಿಗೆ ಹೊರಟ ಕಂಬಳಿ

ಸಿದರಾಯಣ್ಣಾ,

ನಾನೂ ಅವ್ವನೂ ಬೀರಪ್ಪನ ಗುಡಿಗೆ ಹೋಗಿದ್ದೇವೆ. ಪಡಸಾಲೆಯಲ್ಲಿ ಎರಡು ಪಾರ್ಸಲ್ ಹೊಲಿದಿಟ್ಟಿದ್ದೇನೆ. ಇವತ್ತೇ ಜಮಖಂಡಿಯ ಟಪಾಲು ಕಚೇರಿಗೆ ಮುಟ್ಟಿಸು. ಕಾಶ್ಮೀರದಲ್ಲಿ ಆಗಲೇ ಹಿಮ ಬೀಳುತ್ತಿದೆಯಂತೆ.

ದೊಡ್ಡದು ನಮ್ಮ ಪರಮಾನಂದನಿಗೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಉಣ್ಣೆಯ ಕಾಲುಚೀಲ ಇವೆ. ಬಿಚ್ಚಿ ರುಚಿ ನೋಡಬೇಡ, ನಿನ್ನ ಪಾಲು ಅಡಿಗೆಮನೆಯಲ್ಲಿದೆ.

ತಮ್ಮನಿಗೆ ಕಂಬಳಿ ಯಾಕಿಲ್ಲವೆಂದು ಸಿಟ್ಟಾಗಬೇಡ. ನಿನ್ನೆ ನೀನು ಸಂತೆಗೆ ಹೋಗಿ ರಾತ್ರಿ ಅಲ್ಲೇ ಉಳಿದಾಗ ಅವನ ಕಾಗದ ಬಂತು. ಕಾಲಿಗೆ ಗುಂಡು ತಾಗಿ ಬಿದ್ದಿದ್ದನಂತೆ. ತುಕಾರಾಮ ಸಾವಂತ ಎಂಬ ಜೊತೆಗಾರ ಸಿಪಾಯಿ ಅವನನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಇಳಿಸಿದನಂತೆ. ಹೆದರಬೇಡ, ಗಾಯ ಮಾಯುತ್ತಿದೆ. ಸಾವಂತನಿಗೆ ಮನೆಯಿಂದ ಏನನ್ನೂ ಕಳಿಸುವವರಿಲ್ಲ ಎಂದೂ ಬರೆದಿದ್ದಾನೆ.

ಅದನ್ನು ಕೇಳಿ ಅವ್ವ ಎದ್ದು ಒಳಗೆ ಹೋದಳು. ತಮ್ಮನಿಗೆಂದು ತಾನೇ ನೂಲು ತೆಗೆದು ನೇಯಿಸಿದ ಕಂಬಳಿ ತಂದು ಸಾವಂತನ ಹೆಸರಿನ ಸಣ್ಣ ಪಾರ್ಸಲ್ಲಿಗೆ ಹಾಕಿದಳು.

"ನನ್ನ ಮಗನ್ನ ಹೊತ್ತ ಬೆನ್ನಿಗಿ ಥಂಡಿ ಹತ್ತಬಾರದ ಬೇ."

"ಕಳಿಸಿದವರ ಹೆಸರು ಏನಂತ ಬರೀಲಿ?" ಅಂದೆ.

"ಎರಡಕ್ಕೂ ಅವ್ವ ಅಂತ ಬರಿ."

ಹಾಗೇ ಬರೆದಿದ್ದೇನೆ. ಟಪಾಲು ಮಾಸ್ತರರು ಏನೆಂದರೂ ತಿದ್ದಿಸಬೇಡ.

ನಿನ್ನ ತಂಗಿ
ಪದ್ಮವ್ವ