ಗೌರಕ್ಕ ಹಾಡದೆ ಬಿಟ್ಟ ನುಡಿ

ಗೌರಕ್ಕ, ಶರಣು.

ನೀವು ಶಿವನ ಪಾದ ಸೇರಿ ಎರಡು ವರ್ಷವಾಯಿತು. ಆದರೂ ಇದನ್ನು ನಿಮಗೇ ಹೇಳಬೇಕು. ಕೊಳ್ಳೇಗಾಲದಲ್ಲಿ ನೀವು ಕಟ್ಟಿದ ಭಜನಾ ಮಂಡಳಿಗೆ ಈ ಸೋಮವಾರ ನಲವತ್ತು ವರ್ಷ ತುಂಬಿತು. ಅಭ್ಯಾಸಕ್ಕೆ ಕೂತಾಗ ಹೊಸ ಹುಡುಗಿ ನಾಗಶ್ರೀ ನಿಮ್ಮ ಹಳೇ ಪುಸ್ತಕ ತಿರುವಿ, "ದೊಡ್ಡಮ್ಮ, ಮಾದಪ್ಪನ ಪದ್ದಲ್ಲಿ ಮೂರ್ನೇ ನುಡಿ ಐತಲ್ಲ, ಯಾಕೆ ಏಳಲ್ಲ?" ಎಂದಳು.

"ಅದು ಗೌರಕ್ಕನೇ ಕಟ್ಟಿದ್ದು ಕಣಮ್ಮಿ," ಎಂದರು ನಿಮ್ಮ ಜೊತೆಗಾತಿ ವೀರಮ್ಮ. "ಕಟ್ದೋರ್ಗೇ ಮರ್ತೋಗಿತ್ತು!"

ಎಲ್ಲರೂ ನಕ್ಕರು. ನನಗೆ ಕೂರಲಾಗಲಿಲ್ಲ. ಮದುವೆಯಾದ ಹೊಸದರಲ್ಲಿ, ಹನೂರಿನ ಭಜನೆಯಲ್ಲಿ ಅತ್ತೆಯ ಎದುರು ಮೊದಲ ಸಲ ಪದ ಎತ್ತಿಕೊಟ್ಟಾಗ, ಹೆದರಿ ಆ ನುಡಿ ಹಾರಿಸಿದವಳು ನಾನು. ನೀವು ತಾಳ ನಿಲ್ಲಿಸದೆ ಮಂಡಳಿಯನ್ನೆಲ್ಲ ನನ್ನ ಹಿಂದೆಯೇ ಹಾಡಿಸಿದಿರಿ. ಒಂದು ನುಡಿ ಬಿಟ್ಟುಹೋಯಿತಲ್ಲ ಎಂದು ಅತ್ತೆ ಕೇಳಿದ್ದಕ್ಕೆ, "ಮರ್ತಿದ್ದು ನಾನು. ನಿಮ್ ಸೊಸೆ ನಾನೇಳ್ಕೊಟ್ಟಂಗೇ ಏಳವ್ಳೆ," ಎಂದಿರಿ. ಆ ಮಾತು ಉಳಿಯಲೆಂದು ಕೊನೆಯವರೆಗೂ ನಿಮ್ಮದೇ ನುಡಿಯನ್ನು ನೀವು ಹಾಡಲಿಲ್ಲ.

"ಅಕ್ಕ ಮರ್ತಿರ್ನಿಲ್ಲ ಕಣ್ರವ್ವ, ಮರ್ತೋಳು ನಾನು," ಎಂದು ಎಲ್ಲ ಹೇಳಿದೆ.

ವೀರಮ್ಮ ನನ್ನತ್ತ ತಿರುಗಿ, "ಅವ್ರಿದ್ದಾಗ್ಲೇ ಏಳದಲ್ವೇನೇ?" ಎಂದರು.

ನಾನು ಮೂರನೇ ನುಡಿ ಎತ್ತಿದೆ. ಎಲ್ಲರೂ ದನಿ ಸೇರಿಸಿದರು. ಮುಗಿದ ಮೇಲೆ ನಾಗಶ್ರೀ "ಇನ್ನೊಂದ್ ಸಲ" ಎಂದಳು. ಇನ್ನೊಂದು ಸಲವೂ ಹಾಡಿದೆವು, ಅಕ್ಕ.